ಕಂಬಳಿಗೇರಿಯ ಬಸ್ ಅಮಾಸಿ

ಒಂದು ವಸ್ತುವಿನ ಬೆಲೆ ತಿಳಿಯಬೇಕೆಂದರೆ ಅದನ್ನು ಕೆಲವು ದಿನ ಕಿತ್ತುಕೊಂಡು ನೋಡಬೇಕು ಎಂದು ಸಿರಿಗಟ್ಟಿ ನಗರಕ್ಕೆ ಹೇಳಿಕೊಟ್ಟವಳೇ ಮುಕ್ತಾ ಬಣಕಾರ. ಅದಕ್ಕಾಗಿ ಅವಳಿಗೆ ಸನ್ಮಾನವೂ ಆಗಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾಲ್ಕು ಜನ ಅವಳ ಹೆಸರನ್ನು ತಪ್ಪಾಗಿ ಉಚ್ಚರಿಸಿ ಹೊಗಳಿದರು.

ಹೊಗಳಬೇಕಾದ ಕೆಲಸವೇ ಅದು. ಟಿಕೆಟ್ಟಿನ ದುಡ್ಡಿನಿಂದ ಊರಿನ ಬಸ್ಸು ಓಡುವುದಿಲ್ಲ ಎನ್ನುವುದು ಸಿರಿಗಟ್ಟಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ದರ ಏರಿಸಿದರೆ ಜನ ಬಸ್ಸು ಬಿಡುತ್ತಿದ್ದರು. ಜನ ಬಿಟ್ಟರೆ ಬಸ್ಸು ನಿಲ್ಲುತ್ತಿತ್ತು. ಬಸ್ಸು ನಿಂತರೆ ನೂಲಿನ ಗಿರಣಿಗೆ ಆಳಿಲ್ಲ, ಅಂಗಡಿಗೆ ಗಿರಾಕಿಯಿಲ್ಲ, ಬಾಡಿಗೆ ಮನೆಗೆ ಬಾಡಿಗೆದಾರರಿಲ್ಲ. ಅಂದರೆ ಬಸ್ಸಿನ ಲಾಭ ಹತ್ತಿದವರಿಗಿಂತ ಹತ್ತದವರಿಗೇ ಹೆಚ್ಚು. ಹಾಗಿದ್ದರೆ ಅವರೇ ಕೊಡಲಿ ಎಂದು ನಗರಸಭೆಯವರು ಟಿಕೆಟ್ಟನ್ನು ತೆಗೆದುಹಾಕಿ, ಗಿರಣಿ, ಅಂಗಡಿ, ಆಸ್ಪತ್ರೆ, ಮನೆ ಮಾಲೀಕರ ಮೇಲೆ ‘ಬಸ್ ಕಂದಾಯ’ ಹಾಕಿದರು. ಆದರೆ ಯಾರ ಮೇಲೆ ಎಷ್ಟು? ತಮ್ಮ ಆಳುಗಳೆಲ್ಲ ನಡೆದೇ ಬರುತ್ತಾರೆಂದು ಗಿರಣಿಯ ಮಾಲೀಕರು ದೇವರಾಣೆ ಮಾಡಿದರು. ಆಗ ಬಂದದ್ದು ನಗರಸಭೆಯ ಬಸ್ ಇಲಾಖೆಯಲ್ಲಿದ್ದ ಮುಕ್ತಾಳ ಉಪಾಯ. ಆಗಾಗ ಯಾವುದಾದರೂ ಒಂದು ಬಡಾವಣೆಯನ್ನು ಯಂತ್ರವೇ ಚೀಟಿ ಎತ್ತಿದಂತೆ ಆರಿಸಲಿ. ಅಲ್ಲಿನ ಬಸ್ಸನ್ನು ಒಂದು ಪಕ್ಷ, ಅಂದರೆ ಹದಿನೈದು ದಿನ, ನಿಲ್ಲಿಸಿಬಿಡೋಣ. ಯಾರು ಕೆಲಸಕ್ಕೆ ತಡವಾದರು, ಯಾವ ಅಂಗಡಿ ಸೊರಗಿತು, ಎಷ್ಟು ಮಕ್ಕಳು ಶಾಲೆ ತಪ್ಪಿಸಿದರು, ಯಾವ ರೋಗಿ ಆಸ್ಪತ್ರೆ ಮುಟ್ಟಲಿಲ್ಲ ಎಂದು ಅಳೆಯೋಣ. ಆ ನಷ್ಟವೇ ಬಸ್ಸಿನ ಬೆಲೆ. ನಷ್ಟ ಹೆಚ್ಚಾದರೆ ಆ ಬಡಾವಣೆಗೆ ಇನ್ನೊಂದು ಬಸ್ಸು, ಅದರ ಖರ್ಚು ನಷ್ಟಪಟ್ಟ ಗಿರಣಿ ಅಂಗಡಿಗಳಿಂದ. ನಷ್ಟವೇ ಕಾಣದಿದ್ದರೆ ಬಸ್ಸು ಶಾಶ್ವತವಾಗಿ ಬಂದ್.

ಅಳೆಯುವ ಯಂತ್ರಕ್ಕೆ ಜನ ‘ತಕ್ಕಡಿ’ ಎಂದು ಹೆಸರಿಟ್ಟರು. ಬಸ್ಸಿನಲ್ಲಿ ಪುಕ್ಕಟೆ ಓಡಾಡಲು ಪ್ರತಿಯೊಬ್ಬರೂ ಕೊರಳಿಗೋ ಸೆರಗಿಗೋ ಸಿಕ್ಕಿಸಿಕೊಳ್ಳುವ ಸಣ್ಣ ಬಿಲ್ಲೆಯೇ ಅದರ ಕಣ್ಣು. ಬಿಲ್ಲೆ ಎಲ್ಲಿದೆ, ಎಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎನ್ನುವುದು ತಕ್ಕಡಿಗೆ ತಿಳಿಯುತ್ತಿತ್ತು. ಬಸ್ಸು ನಿಲ್ಲುವ ಆ ಪಕ್ಷಕ್ಕೆ ಜನ ‘ಬಸ್ ಅಮಾಸಿ’ ಎನ್ನುತ್ತಿದ್ದರು. ಅದು ಯಾವ ಬಡಾವಣೆಗೆ ಯಾವಾಗ ಬಂತೆಂದು ಮಾತ್ರ ಇಲಾಖೆ ಯಾರಿಗೂ ತಿಳಿಸುತ್ತಿರಲಿಲ್ಲ, ಬಸ್ಸು ಕೆಟ್ಟಿದೆ ಎಂದಷ್ಟೇ ಹೇಳುತ್ತಿತ್ತು. ನಮ್ಮ ಜನ ಹೆಸರಿಡುವುದರಲ್ಲಿ ಯಾವತ್ತೂ ಹಿಂದೆ ಬಿದ್ದವರಲ್ಲ.

ಆ ಸಲ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ ಮೂಡಿದ ಹೆಸರನ್ನು ಮುಕ್ತಾ ಎರಡು ಸಲ ಓದಿದಳು. ಕಂಬಳಿಗೇರಿ. ಅವಳದೇ ಬಡಾವಣೆ. ಊರಾಚೆ, ಕಲ್ಲುಗಣಿಯ ಪಕ್ಕ, ಹಳ್ಳದ ಸೇತುವೆ ದಾಟಿ ಹೋಗಬೇಕು. ಹಿಂದೊಮ್ಮೆ ಕಂಬಳಿ ನೇಯುವವರು ಬಂದು ನೆಲೆಸಿದ್ದ ಜಾಗ. ಅಲ್ಲಿಗಿದ್ದದ್ದು ಒಂದೇ ಬಸ್ಸು.

“ಏನ್ರಿ ಬಣಕಾರ ಮೇಡಂ, ನಿಮ್ಮ ಓಣಿನ ಬಂತಲ್ಲ!” ಎಂದು ವಿಭಾಗದ ಮುಖ್ಯಸ್ಥರಾದ ಗಲಗಲಿಯವರು ನಕ್ಕರು. “ಮನ್ಯಾಗ ಬಾಯಿ ಬಿಡಬ್ಯಾಡ್ರಿ ಮತ್ತ. ನಾವು ನಡುವ ಕೈ ಹಾಕಿದ್ವಿ ಅಂತ ಗೊತ್ತಾದ್ರ ಗಿರಣಿಯವರು ಕೋರ್ಟಿಗೆ ಓಡ್ತಾರ.”

“ನಾ ಯಾಕ ಬಾಯಿ ಬಿಡ್ಲಿ ಸರ್? ನಮ್ಮ ಮಂದಿಗೆ ಬಸ್ಸ ಬಿಟ್ರ ಗತಿ ಇಲ್ಲ. ಎರಡನೇ ಬಸ್ಸ ಬರ್ತೈತಿ ನೋಡ್ರಿ” ಎಂದಳು ಮುಕ್ತಾ. ಹೇಳುವಾಗ ನಂಬಿಕೆಯಿತ್ತು.

ಮೊದಲ ಬೆಳಿಗ್ಗೆ ಬಸ್ಸು ಬರಲಿಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಜನ ಕೂಡಿದರು, ನಗರಸಭೆಗೆ ಬಾಯಿತುಂಬ ಬೈದರು, ಬೈದು ಮುಗಿದ ಮೇಲೆ ಮುಂದಿನ ದಾರಿ ನೋಡತೊಡಗಿದರು. ಮುಕ್ತಾಳ ಅತ್ತೆ ಹಾಲವ್ವ ದಿನಾ ಜೋಳದ ರೊಟ್ಟಿ ಬಡಿದು ದೊಡ್ಡ ದವಾಖಾನೆಯ ಮುಂದಿನ ಖಾನಾವಳಿಗೆ ಒಯ್ದು ಕೊಡುವವಳು. ಮಗ ಗಾಳಿಯಂತ್ರಗಳ ರಿಪೇರಿಗೆಂದು ವಾರಗಟ್ಟಲೆ ಹೊರಗಿರುತ್ತಿದ್ದರಿಂದ ಮನೆಯ ಯಜಮಾನಿಕೆಯೂ ಅವಳದೇ, ಓಣಿಯ ಯಜಮಾನಿಕೆಯೂ ಹೆಚ್ಚುಕಡಿಮೆ ಅವಳದೇ. ರೊಟ್ಟಿಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಎದುರು ಮನೆಯ ದಾವಲಸಾಬನನ್ನು ಕೂಗಿದಳು.

“ದಾವಲಾ, ನಿನ್ನ ಟೆಂಪೊ ತಗಿಯಪಾ. ಗಿರಣಿ ಹೆಣ್ಮಕ್ಕಳನ್ನ ಮೊದಲ ಬಿಟ್ಟು ಬಾ. ನಿನ್ನ ಮಂದಿಗೆಲ್ಲ ಮಧ್ಯಾಹ್ನದ ರೊಟ್ಟಿ ನಮ್ಮನ್ಯಾಗ.”

“ರೊಟ್ಟಿ ಯಾಕ್ರಿ ಹಾಲವ್ವಾ, ನಾ ಏನ್ ಬಾಡಿಗಿ ಹೊಂಟೀನೇನ್ರಿ?” ಎಂದು ದಾವಲಸಾಬ ಬೇಸರ ಮಾಡಿಕೊಂಡೇ ಗಾಡಿ ತೆಗೆದ.

ಕಂಬಳಿಗೇರಿಯವರಿಗೆ ಇದು ಹೊಸದಲ್ಲ. ಇದಕ್ಕೆ ಅವರು ಮುಯ್ಯಿ ಎನ್ನುತ್ತಿದ್ದರು. ಇವತ್ತು ನೀನು ನನ್ನ ಕೆಲಸಕ್ಕೆ ಬಂದರೆ ನಾಳೆ ನಿನ್ನ ಕೆಲಸಕ್ಕೆ ನಾನು. ಹೊಲವಿದ್ದ ಕಾಲದಲ್ಲಿ ಕಳೆ ತೆಗೆಯಲು, ಮಗ್ಗವಿದ್ದ ಕಾಲದಲ್ಲಿ ಉದ್ದದ ಎಳೆಗಳ ಹಾಸು ಹೂಡಲು ನಡೆಯುತ್ತಿದ್ದ ಪದ್ಧತಿ. ಹೊಲವೂ ಹೋಯಿತು, ಮಗ್ಗವೂ ಹೋಯಿತು, ಮುಯ್ಯಿ ಮಾತ್ರ ಎಲ್ಲೂ ಹೋಗಲಿಲ್ಲ. ಸ್ಕೂಟರ್ ಇದ್ದವರು ಇಬ್ಬರು ಮೂವರನ್ನು ಕೂರಿಸಿಕೊಂಡರು. ಕೂಸಿದ್ದವರ ಕೂಸನ್ನು ಇನ್ನೊಬ್ಬರು ಹಿಡಿದರು. ಪಕ್ಕದ ಮನೆಯ ಫಕೀರವ್ವನಿಗೆ ಸಕ್ಕರೆ ಕಾಯಿಲೆಯಿಂದ ಕಾಲಲ್ಲಿ ಹುಣ್ಣಾಗಿತ್ತು. ಅದಕ್ಕೆ ಪಟ್ಟಿ ಕಟ್ಟಿಸಲು ದವಾಖಾನೆಗೆ ಹೋಗಬೇಕಿತ್ತು. ಅವಳನ್ನು ಮುಕ್ತಾಳೇ ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಿಟ್ಟು ಬಂದಳು. ಕೈ ಹಾಕಬಾರದು ಎಂಬ ನಿಯಮ ನೆನಪಾದದ್ದು ದವಾಖಾನೆಯ ಬಾಗಿಲಿಗೆ ಹೋದ ಮೇಲೆ. ಆದರೆ ಪಕ್ಕದ ಮನೆಯ ಮುದುಕಿಯನ್ನು ಬಿಟ್ಟು ಹೋಗುವುದು ಹೇಗೆ ಸಾಧ್ಯವಿತ್ತು?

“ಗಾಡಿ ಬಾಳ ಮೆತ್ತಗ ಹೊಡೀತಿ ತಂಗಿ. ಬಸ್ಸಿಗಿಂತ ಇದ ಚೊಲೊ ಆತು” ಎಂದಿದ್ದಳು ಫಕೀರವ್ವ, ಇಳಿಯುತ್ತ ಅವಳ ಗಲ್ಲ ಸವರಿ.

ವಾರ ಕಳೆಯುವಷ್ಟರಲ್ಲಿ ತಕ್ಕಡಿಯ ತೀರ್ಪು ಕಾಣತೊಡಗಿತು. ಪರದೆಯ ಮೇಲೆ ಕಂಬಳಿಗೇರಿಯ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಗಿರಣಿಗೆ ಎಲ್ಲರೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರು. ಶಾಲೆಯ ಹಾಜರಿ ಇಳಿದಿರಲಿಲ್ಲ. ಖಾನಾವಳಿಗೆ ರೊಟ್ಟಿ ತಪ್ಪಿರಲಿಲ್ಲ. ನಷ್ಟ ಸೊನ್ನೆ.

“ನೋಡ್ರಿ, ಎಷ್ಟು ವರ್ಷ ಸುಮ್ಮನ ಬಸ್ಸ ಓಡಿಸೇವಿ” ಎಂದರು ಗಲಗಲಿ. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಇನ್ನೊಂದು ಬಡಾವಣೆಯವರು ಬಸ್ಸಿಗಾಗಿ ಅವರ ಮನೆ ಬಾಗಿಲಿಗೆ ಬಂದು ಕೂರುತ್ತಿದ್ದರು. ಇಲ್ಲಿಯದನ್ನು ತೆಗೆದು ಅಲ್ಲಿಗೆ ಹಾಕಿದರೆ ಅವರ ತಲೆನೋವು ಹೋಗುತ್ತಿತ್ತು.

“ಸರ್, ಮುಟ್ಟಿದ್ರು ಖರೆ. ಹೆಂಗ ಮುಟ್ಟಿದ್ರು ಅಂತ ತಕ್ಕಡಿ ಕೇಳವಲ್ದಲ್ಲ! ದಾವಲಸಾಬ ತನ್ನ ದುಡಿಮಿ ಬಿಟ್ಟು ಮಂದಿ ಹೇರಾಕ ಹತ್ಯಾನ. ಅವನ ಕಣ್ಣು ಕೆಂಡ ಆಗ್ಯಾವ. ನಮ್ಮತ್ತಿ ನಸುಕಿನ್ಯಾಗ ಎದ್ದು ಎಲ್ಲಾರ ಮನಿ ರೊಟ್ಟಿ ಬಡೀತಾರ. ಅದು ನಷ್ಟ ಅಲ್ಲೇನ್ರಿ?”

“ನಷ್ಟನ ಇರಬಹುದು. ತಕ್ಕಡಿ ಒಳಗ ಅದಕ್ಕ ಬಟ್ಟಲಿಲ್ಲ. ಮುಟ್ಟಿದ್ರ ಇಲ್ಲೋ ಅಷ್ಟ ನೋಡ್ರಿ ಅಂತ ಬರದವರು ಯಾರು? ನೀವ. ಕಂದಾಯ ಕೊಡವರೂ ಅದಕ್ಕ ಒಪ್ಪಿ ಸಹಿ ಹಾಕ್ಯಾರ. ಈಗ ನಿಮ್ಮ ಓಣಿ ಬಂತಂತ ಲೆಕ್ಕ ತಿದ್ದಿದ್ರ, ನಾಳೆ ಯಾರರೆ ಒಂದು ರೂಪಾಯಿ ಕೊಡ್ತಾರೇನು? ಇಡೀ ಊರಿನ ಬಸ್ಸ ನಿಲ್ತಾವ.”

ಯಂತ್ರದ ಒಂದೊಂದು ಮೊಳೆಯನ್ನೂ ತಾನೇ ಹೊಡೆದಿದ್ದೇನೆ ಎಂಬ ಹೆಮ್ಮೆ ಅವತ್ತು ಮುಕ್ತಾಳ ಕೊರಳಿಗೇ ಉರುಳಾಗಿತ್ತು.

ಜನರನ್ನು ನೇರವಾಗಿ ಕೇಳಿ ಬರಲು ಇಲಾಖೆಯಿಂದ ಒಬ್ಬನನ್ನು ಕಳಿಸುವ ಕ್ರಮವೂ ಇತ್ತು. ಅದರ ಮೇಲೆ ಮುಕ್ತಾ ಆಸೆ ಇಟ್ಟುಕೊಂಡಳು. ಆ ತರುಣ ಬಿಸಿಲಲ್ಲಿ ಬೆವರಿಳಿಸಿಕೊಂಡು ಬಂದ. ಮುಕ್ತಾ ರಜೆ ಹಾಕಿ ಮನೆಯಲ್ಲೇ ಇದ್ದಳು, ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು.

“ಬಸ್ಸ ಇಲ್ಲದ್ದಕ್ಕ ಏನ್ ತ್ರಾಸ ಆಗೈತ್ರಿ ಅಮ್ಮಾ?”

“ತ್ರಾಸೇನ್ ಬಂತಪಾ, ಎಲ್ಲಾ ಆರಾಮ” ಎಂದಳು ಹಾಲವ್ವ. “ನೀ ಮೊದಲ ಕುಂದ್ರು. ಫಕೀರಿ, ಅವ್ಗ ನೀರ ಕೊಡ. ಮುಖ ಎಷ್ಟ ಬಾಡೇತಿ ನೋಡು. ಊಟ ಆಗೇತೇನಪಾ?”

ತರುಣ ಮಂಡಕ್ಕಿ ತಿಂದ, ಎರಡು ಸಲ ಚಹಾ ಕುಡಿದ, ಮನೆಮನೆಗೂ ಹೋದ. ಎಲ್ಲ ಮನೆಯಲ್ಲೂ ಎಲ್ಲರೂ ಆರಾಮ. ಮನೆಗೆ ಬಂದವನ ಮುಂದೆ ಕಷ್ಟ ತೋಡಿಕೊಂಡು ಅವನ ಮನಸ್ಸು ಕೆಡಿಸುವುದು ಕಂಬಳಿಗೇರಿಯಲ್ಲಿ ರೂಢಿಯಿಲ್ಲ. ಕೊನೆಗೆ ತಿರುಗಿ ಹೋಗಲು ಅವನಿಗೂ ಬಸ್ಸಿರಲಿಲ್ಲವಲ್ಲ, ದಾವಲಸಾಬನೇ ಟೆಂಪೊದಲ್ಲಿ ಕೂರಿಸಿಕೊಂಡು ಕಚೇರಿಯ ತನಕ ಬಿಟ್ಟು ಬಂದ! ಮುಕ್ತಾಳಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅವತ್ತು ಸಂಜೆ ಅವಳಿಗೆ ಒಳಗಿರಲೂ ಆಗಲಿಲ್ಲ, ಹೊರಗಿರಲೂ ಆಗಲಿಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಿದಳು. ಕೊನೆಗೆ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಬಸ್ಸು ಯಾಕೆ ನಿಂತಿದೆ, ಯಾರು ನೋಡುತ್ತಿದ್ದಾರೆ, ಹೀಗೇ ನಡೆದರೆ ಅದು ಮತ್ತೆ ಬರುವುದೇ ಇಲ್ಲ ಎನ್ನುವುದನ್ನೆಲ್ಲ.

ಹಾಲವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದಳು. “ಅಂದ್ರ ನಾವು ಒಬ್ಬರಿಗೊಬ್ಬರು ಆದದ್ದ ತಪ್ಪಾತೇನು?”

“ತಪ್ಪಲ್ಲ ಅತ್ತಿ. ಆದ್ರ ಮುಯ್ಯಿ ಎಷ್ಟ ದಿನ ನಡದೀತು ಹೇಳ್ರಿ. ಈ ಪಕ್ಷ ನಡೀತೈತಿ. ವರ್ಷಗಟ್ಟಲೆ ದಾವಲಸಾಬ ಮಂದಿ ಹೇರ್ತಾನೇನು? ಉಳದದ್ದು ಕೆಲವ ದಿನ. ಅಷ್ಟ ದಿನ ಯಾರೂ ಯಾರಿಗೂ ಆಗಬ್ಯಾಡ್ರಿ. ತ್ರಾಸ ತಕ್ಕಡಿಗೆ ಕಾಣ್ಲಿ.”

“ಇಲ್ಲ ಅನ್ನೂದು ನಾಲಿಗಿಗೆ ಬರಬೇಕಲ್ಲವಾ” ಎಂದು ಹಾಲವ್ವ ಮತ್ತೆ ಹಿಟ್ಟು ನಾದತೊಡಗಿದಳು.

ಮರುದಿನ ಮುಂಜಾನೆ ನಿಲ್ದಾಣದ ಕಟ್ಟೆಯ ಮೇಲೆ ಅವಳೇ ಎಲ್ಲರನ್ನೂ ಕೂಡಿಸಿದಳು. ಸೊಸೆಯ ಹೆಸರು ಹೊರಗೆ ಹೋಗಬಾರದೆಂದು ಆಣೆ ಹಾಕಿಸಿಕೊಂಡೇ ವಿಷಯ ಹೇಳಿದಳು. ಗದ್ದಲವಾಯಿತು. ನಮ್ಮ ಓಣಿಯಲ್ಲಿ ಹೀಗೂ ಉಂಟೇ ಎಂದು ಕೆಲವರು ಸಿಡಿದರು. ದಾವಲಸಾಬ ಟೆಂಪೊದ ಕೀಲಿಯನ್ನು ಹಾಲವ್ವನ ಮುಂದೆ ಇಟ್ಟು, “ನನ್ನ ಕಡೆ ಇದ್ರ ತಡಿಯಾಕ ಆಗಂಗಿಲ್ರಿ, ನೀವ ಇಟ್ಕೊಳ್ರಿ” ಎಂದ. ಕೊನೆಗೆ ಎಲ್ಲರ ಬಾಯಿ ಮುಚ್ಚಿಸಿದವಳು ಫಕೀರವ್ವ. “ಬಸ್ಸ ಹೋತಂದ್ರ ನಮ್ಮ ಮಮ್ಮಕ್ಕಳು ಏನ್ ಮಾಡಬೇಕ? ನಡೀರಿ, ಹಂಗ ಮಾಡೂಣ. ನನ್ನ ಚಿಂತಿ ಮಾಡಬ್ಯಾಡ್ರಿ, ನಾ ನಡದ ಹೋಗ್ತೀನಿ.”

ಮುಯ್ಯಿ ನಿಂತಿತು. ಓಣಿ ಒಂದೇ ದಿನಕ್ಕೆ ಗುರುತು ಸಿಗದಂತಾಯಿತು. ಬೆಳಿಗ್ಗೆ ಬಾಗಿಲು ತೆರೆಯುವವರು ಎದುರು ಮನೆಯ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು ತೆರೆಯತೊಡಗಿದರು. ಕಣ್ಣಿಗೆ ಕಣ್ಣು ಸೇರಿದರೆ ಕೇಳಬೇಕಾಗುತ್ತದೆ, ಕೇಳಿದರೆ ಇಲ್ಲವೆನ್ನಬೇಕಾಗುತ್ತದೆ. ಸ್ಕೂಟರಿನವರು ತಲೆ ತಗ್ಗಿಸಿಕೊಂಡು, ಹಿಂದಿನ ಸೀಟು ಖಾಲಿ ಬಿಟ್ಟುಕೊಂಡು ಕಳ್ಳರಂತೆ ಹೊರಟರು. ಗಿರಣಿಯ ಹೆಂಗಸರು ಅರ್ಧ ದಿನದ ಕೂಲಿ ಕಳೆದುಕೊಂಡು ಬಂದರು. ಕೂಸು ಹಿಡಿಯುವವರಿಲ್ಲದೆ ಕೆಲವರು ಹೋಗಲೇ ಇಲ್ಲ. ಪರದೆಯ ಮೇಲಿನ ಗೆರೆ ತಲೆ ಎತ್ತಿತು, ಆದರೆ ಬಸ್ಸು ಉಳಿಯುವಷ್ಟು ಎತ್ತಲಿಲ್ಲ.

ಪಕ್ಷದ ಕೊನೆಯ ಬೆಳಿಗ್ಗೆ ಮುಕ್ತಾ ಸ್ಕೂಟರ್ ಹೊರಗೆ ತೆಗೆಯುವಾಗ ಫಕೀರವ್ವ ಕೋಲು ಊರಿಕೊಂಡು ಅಂಗಳ ದಾಟುತ್ತಿದ್ದಳು. ಪಟ್ಟಿ ಬಿಚ್ಚಿ ನೋಡುವ ದೊಡ್ಡ ಡಾಕ್ಟರು ಬರುವ ದಿನ ಅದು. ಕಾಲಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಅವಳ ಕಣ್ಣು ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಒಂದು ಗಳಿಗೆ ನಿಂತಿತು.

“ಆಯಿ, ಇವತ್ತೊಂದ ದಿನ...” ಎಂದಳು ಮುಕ್ತಾ.

“ಗೊತ್ತೈತಿ ಹೋಗವಾ. ನಿನಗ ತಡ ಆಗ್ತೈತಿ” ಎಂದಳು ಫಕೀರವ್ವ.

ನಿಯಂತ್ರಣ ಕೊಠಡಿಯಲ್ಲಿ ಮುಕ್ತಾ ತನ್ನ ಕುರ್ಚಿಯಲ್ಲಿ ಕೂತು ಕಂಬಳಿಗೇರಿಯ ರಸ್ತೆಯನ್ನು ಪರದೆಯ ಮೇಲೆ ಎಳೆದುಕೊಂಡಳು. ತಕ್ಕಡಿ ಯಾರ ಹೆಸರನ್ನೂ ತೋರಿಸುವುದಿಲ್ಲ, ಬರೀ ಚುಕ್ಕೆಗಳು. ಆದರೆ ತನ್ನ ಮನೆಯ ಪಕ್ಕದಿಂದ ಹೊರಟ ಚುಕ್ಕೆಯನ್ನು ಗುರುತಿಸಲು ಹೆಸರು ಯಾಕೆ ಬೇಕು? ಅದು ಕಲ್ಲುಗಣಿಯ ತಿರುವಿನ ಹತ್ತಿರ ತೆವಳುತ್ತಿತ್ತು. ಒಂದಿಷ್ಟು ನಡೆದು ನಿಲ್ಲುವುದು, ಮತ್ತೆ ಒಂದಿಷ್ಟು ನಡೆಯುವುದು. ಆ ರಸ್ತೆಗೆ ಒಂದು ಗಿಡದ ನೆರಳೂ ಇಲ್ಲವೆಂದು ಮುಕ್ತಾಳಿಗೆ ಗೊತ್ತಿತ್ತು.

ಚುಕ್ಕೆ ತಡವಾದಷ್ಟೂ ಗೆರೆ ಏರತೊಡಗಿತು. ರೋಗಿ ದವಾಖಾನೆಗೆ ತಡವಾದರೆ ಆ ತಡಕ್ಕೆ ತಕ್ಕಡಿ ಎಲ್ಲಕ್ಕಿಂತ ಹೆಚ್ಚಿನ ತೂಕ ಕೊಡುತ್ತಿತ್ತು. ಆ ತೂಕ ಇಟ್ಟವಳೂ ಮುಕ್ತಾಳೇ. ಬಡರೋಗಿಗಳ ಮೇಲಿನ ಕನಿಕರದಿಂದಲೇ ಇಟ್ಟಿದ್ದಳು.

ಗಲಗಲಿ ಚಹಾದ ಲೋಟ ಹಿಡಿದುಕೊಂಡು ಬಂದು ಹಿಂದೆ ನಿಂತರು. “ಅರೆ, ಏರಾಕ ಹತ್ತಿತಲ್ರಿ! ಯಾರೋ ಪೇಶಂಟ್ ಇರಬೇಕು. ಹಿಂಗ ಏರಿದ್ರ ನಿಮ್ಮ ಬಸ್ಸ ಉಳೀತು ನೋಡ್ರಿ.”

ಹಳ್ಳದ ಸೇತುವೆಯ ಮೇಲೆ ಚುಕ್ಕೆ ನಿಂತಿತು. ಈ ಸಲ ಮುಂದೆ ಹೋಗಲಿಲ್ಲ.

ಮುಕ್ತಾಳ ಕೈ ಚೀಲದೊಳಗಿನ ಸ್ಕೂಟರ್ ಕೀಲಿಯ ಮೇಲಿತ್ತು. ಸೇತುವೆ ಕಚೇರಿಯಿಂದ ದೂರವೇನಲ್ಲ. ಹೋಗಿ ಕೂರಿಸಿಕೊಂಡು ಬಿಟ್ಟು ಬರಬಹುದಿತ್ತು. ಆದರೆ ಆ ಚುಕ್ಕೆ ಬೇಗ ದವಾಖಾನೆ ಮುಟ್ಟಿದರೆ ಗೆರೆ ಏರುವುದೂ ಅಲ್ಲಿಗೇ ನಿಲ್ಲುತ್ತಿತ್ತು, ಓಣಿಯವರು ಇಷ್ಟು ದಿನ ಹಲ್ಲು ಕಚ್ಚಿ ಸಹಿಸಿದ್ದೆಲ್ಲ ಮಣ್ಣುಪಾಲಾಗುತ್ತಿತ್ತು. ಅವಳು ಎದ್ದಳು. ಕೂತಳು. ಯಾರಾದರೂ ಆ ದಾರಿಯಲ್ಲಿ ಹೋಗಬಾರದೇ ಎಂದುಕೊಂಡಳು, ಮರುಕ್ಷಣವೇ ಯಾರೂ ಹೋಗದಿರಲಿ ಎಂದುಕೊಂಡಳು. ಬಸ್ಸು ಉಳಿಯಲು ದಾಟಬೇಕಾಗಿದ್ದ ಕೆಂಪು ಗುರುತಿನ ಹತ್ತಿರ ಹತ್ತಿರ ಗೆರೆ ಬರುತ್ತಿತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಹೊತ್ತು ಅಲ್ಲೇ ಕೂತಿರಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಬೇಡಿಕೊಂಡದ್ದು ತಾನೇ ಎಂದು ತಿಳಿದಾಗ ಕೀಲಿಯ ಮೇಲಿದ್ದ ಕೈಯನ್ನು ಚೀಲದಿಂದ ಹೊರಗೆಳೆದುಕೊಂಡಳು.

ಗೆರೆ ಗುರುತು ದಾಟಿತು. ಗಲಗಲಿ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಎಷ್ಟೋ ಹೊತ್ತಿಗೆ ಚುಕ್ಕೆ ಅಲುಗಾಡಿತು, ಮೆಲ್ಲಗೆ ದವಾಖಾನೆಯ ಕಡೆ ಹೊರಟಿತು. ಅದು ಮುಟ್ಟುವಷ್ಟರಲ್ಲಿ ದೊಡ್ಡ ಡಾಕ್ಟರು ಎದ್ದು ಹೋಗಿದ್ದರು.

ಕಂಬಳಿಗೇರಿಗೆ ಒಂದಲ್ಲ, ಎರಡು ಬಸ್ಸು ಬಂದವು. ಗಿರಣಿ, ದವಾಖಾನೆ, ಖಾನಾವಳಿಯವರು ಗೊಣಗುತ್ತಲೇ ಕಂದಾಯ ಕಟ್ಟಿದರು. ಹೊಸ ಬಸ್ಸಿಗೆ ಬಾಳೆಕಂಬ ಕಟ್ಟಿ, ಹಾಲವ್ವ ಕಾಯಿ ಒಡೆದಳು, ದಾವಲಸಾಬ ಎಲ್ಲರಿಗೂ ಪೇಢೆ ಹಂಚಿದ. ಆ ಚುಕ್ಕೆ ಒಬ್ಬ ಮುದುಕಿಯದೆಂದು ಆಮೇಲೆ ದವಾಖಾನೆಯಿಂದ ತಿಳಿದುಕೊಂಡಿದ್ದ ಗಲಗಲಿಯವರು ಉತ್ಸಾಹದಲ್ಲಿ ಭಾಷಣ ಮಾಡಿದರು. ಯಾರೋ ಒಬ್ಬ ತಾಯಿ ಸೇತುವೆಯ ಮೇಲೆ ಕೂತದ್ದನ್ನು ತಾವು ಪರದೆಯ ಮೇಲೆ ಕಣ್ಣಾರೆ ನೋಡಿದೆವೆಂದೂ, ಆ ಮಹಾತಾಯಿಯಿಂದಲೇ ಬಸ್ಸು ಉಳಿಯಿತೆಂದೂ ಹೇಳಿದರು. ಎಲ್ಲರೂ ಫಕೀರವ್ವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ ಕೂತಿದ್ದಳು.

ಅದಾದ ಮೇಲೆ ಮುಕ್ತಾಳಿಗೆ ಅವಳ ಎದುರು ಬೀಳಲು ಧೈರ್ಯವಾಗಲಿಲ್ಲ. ಹುಣ್ಣು ಮತ್ತೆ ಹಸಿಯಾಗಿದೆಯಂತೆ, ಮಾಯಲು ತಿಂಗಳುಗಳೇ ಬೇಕಂತೆ ಎಂದು ಅತ್ತೆಯಿಂದ ಕೇಳಿದಳು. ಓಣಿಯಲ್ಲಿ ಯಾರೂ ಯಾರೊಂದಿಗೂ ಜಗಳವಾಡಿರಲಿಲ್ಲ. ಆದರೆ ಯಾರೂ ಯಾರನ್ನೂ ಏನೂ ಕೇಳುತ್ತಲೂ ಇರಲಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ ಅವಳು ಸ್ಕೂಟರನ್ನು ಮನೆಯಲ್ಲೇ ಬಿಟ್ಟು ನಿಲ್ದಾಣಕ್ಕೆ ಹೋದಳು. ಫಕೀರವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು.

“ಆಯಿ, ನನ್ನ ಮ್ಯಾಲ ಸಿಟ್ಟೇನ್ರಿ?”

“ಸಿಟ್ಟ ಯಾಕ ತಂಗಿ? ನಾನ ಹೂಂ ಅಂದಿದ್ದೆ. ಬಸ್ಸ ಬಂತು, ಮಂದಿಗೆ ಚೊಲೊ ಆತು.” ಮುದುಕಿ ಕೋಲಿನ ತುದಿಯಿಂದ ಮಣ್ಣು ಕೆದಕಿದಳು. “ಒಂದ ಕೇಳಲೇನು? ನಾ ಹೊಂಟದ್ದು ನಿನಗೂ ಕಾಣ್ತಿತ್ತೇನು?”

“ಕಾಣ್ತಿತ್ತು.”

“ಸೇತುವಿ ಮ್ಯಾಲ ಕುಂತದ್ದೂ?”

ಸುಳ್ಳು ಹೇಳಲು ಮುಕ್ತಾಳಿಗೆ ಆಸೆಯಾಯಿತು. “ಹೂಂ ಆಯಿ. ಕಾಣ್ತಿತ್ತು.”

ಫಕೀರವ್ವ ಹಳ್ಳದ ಕಡೆ ನೋಡಿದಳು.

“ಯಾರೂ ನೋಡಂಗಿಲ್ಲ ಅಂತ ತಿಳದು ಅತ್ತಿದ್ನೆವಾ ನಾ” ಎಂದಳು.

ಬಸ್ಸು ಬಂತು, ಬಾಗಿಲು ತೆರೆಯಿತು. ಮುಕ್ತಾ ಅವಳ ತೋಳು ಹಿಡಿಯಲು ಕೈ ಚಾಚಿದಳು. ಫಕೀರವ್ವ ಬಾಗಿಲಿನ ಕಂಬಿ ಹಿಡಿದುಕೊಂಡು ತಾನೇ ಹತ್ತಿದಳು.